ಮಾವನ ಕೈಗುಣವೂ ಸ್ಟಾರ್ಟ್ ಆಗದ ಗರಗಸವೂ

ನಮ್ಮ ಸೋದರಮಾವ ಕೈಯಿಟ್ಟರೆ ಸಾಕು, ಕೆಟ್ಟು ಕೂತ ಮಿಕ್ಸಿ ಎದ್ದು ತಿರುಗುತ್ತದೆ, ಸತ್ತ ಮೋಟರ್ ನೀರೆತ್ತುತ್ತದೆ, ತಿಂಗಳಿಂದ ಮುಷ್ಕರ ಹೂಡಿದ ಸ್ಕೂಟರ್ ಒಂದೇ ಕಿಕ್ಕಿಗೆ ಹೊಗೆಯುಗುಳುತ್ತದೆ. ಇದನ್ನು ಯಾರು ಹೇಳಿದರು ಅಂತ ಕೇಳುತ್ತೀರಾ? ಇನ್ಯಾರು, ಸ್ವತಃ ನಮ್ಮ ಮಾವನೇ!

ಆದರೆ ಸುಳ್ಳು ಹೇಳಬಾರದು, ವಿಜಯನಗರದ ಪಕ್ಕದ ಆರ್‌ಪಿಸಿ ಲೇಔಟಿನಲ್ಲಿ ಅವರಿರುವ ರಸ್ತೆಯ ಜನವೂ ಇದನ್ನು ನಂಬಿದ್ದರು. ಡಾಕ್ಟರಿಗೆ ಕೈಗುಣ ಇರುತ್ತದೆ, ಉಪ್ಪಿನಕಾಯಿ ಹಾಕುವವರಿಗೆ ಇರುತ್ತದೆ, ಬೋಣಿ ಮಾಡುವ ಗಿರಾಕಿಗೂ ಇರುತ್ತದೆ. ನಮ್ಮ ಮಾವನ ಕೈಗುಣ ಸ್ವಿಚ್ಚಿನಲ್ಲಿತ್ತು. ಆ ರಸ್ತೆಯಲ್ಲಿ ಯಾರೇ ಹೊಸ ಫ್ರಿಜ್ಜು, ಗೀಸರ್, ವಾಷಿಂಗ್ ಮೆಷಿನ್ ತಂದರೂ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಆಮೇಲೆ ಮಾವನನ್ನು ಕರೆಸಿ ಅವರ ಬಲಗೈಯಲ್ಲೇ ಸ್ವಿಚ್ ಹಾಕಿಸಬೇಕು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈ ತೊಳೆದು, ಸ್ವಿಚ್ ಒತ್ತಿ, ಕಾಫಿ ಕುಡಿದು ಬರುತ್ತಿದ್ದರು. ರಿಪೇರಿಗೂ ಅವರನ್ನೇ ಕರೆಯುತ್ತಿದ್ದರು. ಪೀಣ್ಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಆಯುಷ್ಯ ಸವೆಸಿದ ಮನುಷ್ಯ, ಮೆಷಿನ್ನುಗಳ ಸಂಗತಿ ಗೊತ್ತಿತ್ತು ನಿಜ. ಆದರೆ ಅರ್ಧಕ್ಕರ್ಧ ಕೇಸುಗಳಲ್ಲಿ ಆ ಮನೆಯವರು ಪ್ಲಗ್ಗನ್ನೇ ಚುಚ್ಚಿರುತ್ತಿರಲಿಲ್ಲ ಎನ್ನುವುದು ಅತ್ತೆಯ ಅಂಬೋಣ.

ಇಂಥ ಕೈಗೆ ಕುತ್ತು ಬಂದದ್ದು ಒಂದು ಗುಲ್‌ಮೊಹರ್ ಮರದಿಂದ. ಬೇಸಿಗೆಯ ಕೊನೆಯ ಗಾಳಿಮಳೆಗೆ ಅವರ ರಸ್ತೆಯ ಮರ ಬುಡ ಸಮೇತ ಉರುಳಿ ಅಡ್ಡಡ್ಡ ಮಲಗಿತು. ಮರ ಕತ್ತರಿಸುವವರು ಬಂದರು. ಅವರ ಮೋಟರ್ ಗರಗಸ, ಅದೇ ಚೈನ್‌ಸಾ, ಏನು ಮಾಡಿದರೂ ಸ್ಟಾರ್ಟ್ ಆಗಲೊಲ್ಲದು. ರಸ್ತೆಯ ಜನ ಎಂದಿನಂತೆ ಮಾವನನ್ನು ಕರೆದರು. ಮಾವ ಬಂದು, ಗರಗಸದ ನೆತ್ತಿ ಸವರಿ, "ಈಗ ಎಳಿಯಪ್ಪಾ" ಅಂದರು. ಎಳೆದರು, ಸ್ಟಾರ್ಟ್ ಆಯಿತು! ಎಂಟು ಸಲ ಎಳೆದವನು ಒಂಬತ್ತನೇ ಸಲ ಎಳೆದಾಗ ಸ್ಟಾರ್ಟ್ ಆಗುವುದರಲ್ಲಿ ಪವಾಡವೇನಿದೆ ಅಂತ ನಾನು ಕೇಳಬಹುದಿತ್ತು. ಯಾರು ಕೇಳಿಸಿಕೊಳ್ಳುತ್ತಾರೆ? ರಸ್ತೆಯೆಲ್ಲ ಚಪ್ಪಾಳೆ!

ಆ ಗರಗಸದ ಸದ್ದು ಮಾವನ ಕಿವಿಗೆ ಹೊಕ್ಕದ್ದು ಹೊರಗೆ ಬರಲಿಲ್ಲ. ಕೆಂಗೇರಿಯಾಚೆ ತೋಟ ಮಾರಿದ ದಾಯಾದಿಯೊಬ್ಬರ ಶೆಡ್ಡಿನಲ್ಲಿ ಹಳೆಯದೊಂದು ಬಿದ್ದಿದೆ ಎಂದು ಗೊತ್ತಾಗಿ, ಹೋಗಿ ಹೊತ್ತುಕೊಂಡೇ ಬಂದರು. ಅತ್ತೆ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತರು.

"ನಮ್ಮನೇಲಿರೋದು ಒಂದು ನುಗ್ಗೆ ಮರ. ಅದು ಯಾರಾದ್ರೂ ಜೋರಾಗಿ ಸೀನಿದ್ರೆ ಮುರಿದು ಬೀಳತ್ತೆ. ಅದಕ್ಕೆ ಗರಗಸ ತಂದ್ರಾ?"

"ಹೊರಗಡೆ ದಿಮ್ಮಿ ಬಿದ್ದಿಲ್ವೇನೇ? ಮನೆಗೊಂದು ಸ್ಟೂಲ್ ಮಾಡ್ಕೊಡ್ತೀನಿ ಅಂತ ರೋಡಿಗೆಲ್ಲಾ ಮಾತು ಕೊಟ್ಟಿದೀನಿ!"

ದಿಮ್ಮಿ ಬಿದ್ದಿದ್ದೇನೋ ಹೌದು. ಗುಲ್‌ಮೊಹರ್ ಮರದ ಬುಡದ ತುಂಡೊಂದನ್ನು ಮಾವನೇ ಕೇಳಿ ಇಳಿಸಿಕೊಂಡು ಗೇಟಿನ ಪಕ್ಕಕ್ಕೆ ಉರುಳಿಸಿದ್ದರು. ಸಂಜೆ ಹೊತ್ತು ಹೆಂಗಸರು ಅದರ ಮೇಲೆ ಕೂತು ಹರಟುತ್ತಿದ್ದರು. ಅಂದರೆ ಅದು ಆಗಲೇ ಸ್ಟೂಲಿನ ಕೆಲಸ ಮಾಡುತ್ತಿತ್ತು. ಇದನ್ನು ಮಾವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆಯುಧಪೂಜೆಯ ದಿನ ಗರಗಸದ ಉದ್ಘಾಟನೆ. ನಾನು ನಾಗರಬಾವಿಯಿಂದ ಮುದ್ದಾಂ ಹೋಗಿದ್ದೆ. ಹೈಸ್ಕೂಲು ಟೀಚರಾದ ನನಗೆ ರಜೆ ದಿನ ಇದಕ್ಕಿಂತ ಒಳ್ಳೆಯ ಮನರಂಜನೆ ಎಲ್ಲಿ ಸಿಗಬೇಕು! ಗರಗಸಕ್ಕೆ ಮೂರು ಪಟ್ಟೆ ವಿಭೂತಿ, ಅದರ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಕತ್ತಿಗೆ ಚೆಂಡುಹೂವಿನ ಹಾರ. ಬೂದುಗುಂಬಳಕಾಯಿ ಒಡೆದಾಯಿತು. ಮಾವ ಗರಗಸವನ್ನು ನೆಲದ ಮೇಲಿಟ್ಟು, ಎಡಗಾಲಲ್ಲಿ ಅದುಮಿ, ಹಗ್ಗ ಹಿಡಿದು ಎಳೆದರು. "ಗುರ್ರ್" ಅಂತು, ಸುಮ್ಮನಾಯಿತು. ಮತ್ತೆ ಎಳೆದರು. "ಗುರ್". ಹದಿನೈದನೇ ಸಲಕ್ಕೆ ಅದೂ ನಿಂತಿತು. ಜನ ಕಡಲೆಪುರಿ ಮುಗಿಯುವ ತನಕ ಕಾದು, "ಆಗತ್ತೆ ಬಿಡಿ ಅಂಕಲ್" ಅಂತ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

"ಹೊಸ ಜಾಗ ನೋಡು, ಇನ್ನೂ ಹೊಂದ್ಕೊಂಡಿಲ್ಲ" ಅಂದರು ಮಾವ, ಮದುಮಗಳನ್ನು ಮನೆ ತುಂಬಿಸಿಕೊಂಡ ಮಾವನವರ ಗತ್ತಿನಲ್ಲಿ.

ಮುಂದಿನ ಭಾನುವಾರ ಹೋದಾಗ ಮಾವ ಗರಗಸವನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ಒಂದು ಮಗ್ಗುಲಿಗೆ ವಾಲಿಸುತ್ತಿದ್ದರು. ಹಳೇ ಸ್ಕೂಟರ್ ಓಡಿಸಿದ ಆ ಇಡೀ ತಲೆಮಾರಿಗೆ ಇದೊಂದು ಚಟ. ಸ್ಟಾರ್ಟ್ ಆಗದ ಯಾವುದನ್ನೇ ಆಗಲಿ ಎಡಕ್ಕೆ ವಾಲಿಸಿ, ಹತ್ತರವರೆಗೆ ಎಣಿಸಿ, ನೆಟ್ಟಗೆ ನಿಲ್ಲಿಸಿ ಒದೆಯಬೇಕು!

"ಮಾವ, ಇದು ಸ್ಕೂಟರ್ ಅಲ್ಲ."

"ಟೂ-ಸ್ಟ್ರೋಕ್ ತಾನೇ? ಸ್ಕೂಟರಿನ ತಮ್ಮ ಇದು. ಪೆಟ್ರೋಲ್ ಕೆಳಗಿಳೀಬೇಕು ಕಣೇ."

ಪೆಟ್ರೋಲ್ ಇಳಿಯಿತು. ಇಂಜಿನ್ನಿಗೂ ಇಳಿಯಿತು, ಜಗಲಿಗೂ ಇಳಿಯಿತು. ಅಲ್ಲೇ ತುಳಸಿಕಟ್ಟೆಯಲ್ಲಿ ಊದುಬತ್ತಿ ಉರಿಯುತ್ತಿತ್ತು. ಅತ್ತೆ ಕಿರುಚಿಕೊಂಡು ಬಂದು ಅದನ್ನು ಕಿತ್ತು ನೀರಿನ ಬಕೆಟ್ಟಿಗೆ ಎಸೆಯದಿದ್ದರೆ ಈ ಪ್ರಬಂಧ ಬರೆಯಲು ನಾನೇ ಇರುತ್ತಿರಲಿಲ್ಲ. ಮಾವ ಅಂಜಲಿಲ್ಲ. ಒದ್ದೆಯಾದ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅಡುಗೆಮನೆಗೆ ಹೋಗಿ, ಕಾದ ದೋಸೆ ಹೆಂಚಿನ ಮೇಲಿಟ್ಟು, ಚಿಮಟದಲ್ಲಿ ಎರಡೂ ಕಡೆ ಹದವಾಗಿ ಬೇಯಿಸಿದರು. ಅದಾದ ಮೇಲೆ ಅದೇ ಹೆಂಚಿನಲ್ಲಿ ಹುಯ್ದ ದೋಸೆ ತಿಂದ ನನಗೆ ಮೂರು ದಿನ ತೇಗಿದಾಗಲೆಲ್ಲ ಪೆಟ್ರೋಲ್ ಬಂಕಿನ ನೆನಪಾಗುತ್ತಿತ್ತು. ಗರಗಸ ಮಾತ್ರ ಸ್ಟಾರ್ಟ್ ಆಗಲಿಲ್ಲ.

ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು. ಮಾಗಡಿ ರಸ್ತೆಯಿಂದ ಒಳಗೆ, ಹೆಗ್ಗನಹಳ್ಳಿಯಲ್ಲಿ ಇಂಥವನ್ನೆಲ್ಲ ರಿಪೇರಿ ಮಾಡುವ ಒಬ್ಬರಿದ್ದರು. ಆಟೋದಲ್ಲಿ ಮಾವ, ಮಾವನ ತೊಡೆಯ ಮೇಲೆ ಗರಗಸ, ಪಕ್ಕದಲ್ಲಿ ಮುದುಡಿಕೊಂಡ ನಾನು. ಗರಗಸದ ಮೂತಿ ಆಟೋದಿಂದ ಒಂದು ಗೇಣು ಹೊರಗೆ ಚಾಚಿತ್ತು. ಮಾಗಡಿ ರಸ್ತೆಯಲ್ಲಿ ಯಾರಾದರೂ ಯಾರಿಗಾದರೂ ದಾರಿ ಬಿಟ್ಟದ್ದನ್ನು ಕಂಡಿದ್ದೀರಾ? ನಾನು ಕಂಡೆ! ಬಸ್ಸು ಕೂಡ ಮಗ್ಗುಲಿಗೆ ಸರಿದು ನಿಂತಿತು. ಆಟೋದವರು ಕನ್ನಡಿಯಲ್ಲಿ ನೋಡಿ ನೋಡಿ, "ಸಾರ್, ಯಾವ್ದಾದ್ರೂ ಗಲಾಟೆಗೆ ಹೋಗ್ತಾ ಇದೀರಾ?" ಅಂತ ಕೇಳಿಯೇಬಿಟ್ಟರು.

ಮೆಕ್ಯಾನಿಕ್ ನಡುವಯಸ್ಸಿನ ಸಮಾಧಾನಿ. ಗರಗಸವನ್ನು ತಿರುಗಿಸಿ ನೋಡಿದರು, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಉಗುರಿನಿಂದ ಕೆರೆದರು, ಕೆರೆದದ್ದನ್ನು ಮೂಸಿ ನೋಡಿದರು.

"ಸಾರ್, ಇದು ಗಂಧ ಅಲ್ವಾ?"

"ಹೌದು, ಆಯುಧಪೂಜೆದು. ಅಸಲಿ ಗಂಧ, ಕೊರಡಲ್ಲಿ ತೇಯ್ದಿದ್ದು."

"ಈ ಮುಚ್ಚಳದಲ್ಲಿ ಸಣ್ಣ ತೂತಿರತ್ತೆ ಸಾರ್, ಟ್ಯಾಂಕು ಉಸಿರಾಡೋಕೆ. ಗಾಳಿ ಒಳಗೆ ಬಂದ್ರೇನೇ ಪೆಟ್ರೋಲ್ ಕೆಳಗಿಳಿಯೋದು. ನೀವು ಮೂಗಿನ ಹೊಳ್ಳೆಗೇ ಬೊಟ್ಟಿಟ್ಟಿದೀರಲ್ಲಾ!"

ಅಯ್ಯೋ ದೇವರೇ! ದೇವರನ್ನು ಪ್ರಾರ್ಥಿಸುತ್ತಲೇ ಗರಗಸದ ಉಸಿರುಗಟ್ಟಿಸಿದ್ದೆವು. ಮೆಕ್ಯಾನಿಕ್ ಸೂಜಿಯಲ್ಲಿ ಗಂಧ ಕೆದಕಿ ತೆಗೆದು, ಪ್ಲಗ್ ಒರೆಸಿ, ಹಗ್ಗ ಎಳೆದರು. ಎರಡನೇ ಸಲಕ್ಕೆ ಗರಗಸ ಹೆಗ್ಗನಹಳ್ಳಿಗೆಲ್ಲ ಕೇಳುವಂತೆ ಕೂಗಿತು. ಮಾವನ ಮುಖ ಅರಳಿತು. ನಾನು, ಮುಗಿಯಿತು ಬಿಡು ಕಥೆ ಅಂದುಕೊಂಡೆ.

ಎಲ್ಲಿ ಮುಗಿಯಿತು? ಮನೆಗೆ ತಂದು ಮಾವ ಎಳೆದರೆ ಮತ್ತೆ ಅದೇ "ಗುರ್". ಮರುವಾರ ವಾಪಸ್ ಹೆಗ್ಗನಹಳ್ಳಿ. ಅಲ್ಲಿ ಮೆಕ್ಯಾನಿಕ್ ಎಳೆದರೆ ಎರಡೇ ಎಳೆತಕ್ಕೆ "ಗರ್‌ರ್‌ರ್‌ರ್"! ಆರ್‌ಪಿಸಿ ಲೇಔಟಿನಲ್ಲಿ "ಗುರ್". ಇದನ್ನೆಲ್ಲ ಕೂಲಂಕಷವಾಗಿ ಯೋಚಿಸಿ ಮಾವ ಒಂದು ಸಿದ್ಧಾಂತ ಮಂಡಿಸಿದರು. ಈ ಮೆಷಿನ್ನಿಗೆ ಹೆಗ್ಗನಹಳ್ಳಿಯ ಗಾಳಿ ಮಾತ್ರ ಒಗ್ಗುತ್ತದೆ!

"ಗಾಳಿ ಎಲ್ಲಾ ಕಡೆ ಒಂದೇ ಅಲ್ವಾ ಮಾವ?"

"ಹೆಂಗಾಗತ್ತೆ? ಅಲ್ಲಿ ಎತ್ತರ, ಇಲ್ಲಿ ತಗ್ಗು. ನೀನು ಸಮಾಜ ಪಾಠ ಮಾಡೋಳು, ನಿನಗೆ ಸೈನ್ಸ್ ಗೊತ್ತಾಗಲ್ಲ."

ಸಿದ್ಧಾಂತ ಅಂದ ಮೇಲೆ ಪ್ರಯೋಗ ಬೇಡವೇ? ನಾಗರಬಾವಿಯ ಗಾಳಿ ಪರೀಕ್ಷಿಸಲು ಗರಗಸ ನಮ್ಮ ಮನೆಯ ತಾರಸಿಗೆ ಬಂತು. ಪಕ್ಕದ ಕಟ್ಟಡದಲ್ಲಿ ಲಾ ಓದುವ ಹುಡುಗರು ಬಾಡಿಗೆಗಿದ್ದಾರೆ. ಅವರೆಲ್ಲ ಪುಸ್ತಕ ಮಡಚಿಟ್ಟು ಸಾಲಾಗಿ ನಿಂತರು. ಮಾವ ಎಳೆದಾಗಲೆಲ್ಲ "ಕಮಾನ್ ಅಂಕಲ್!" ಅಂತ ಕೂಗುತ್ತಿದ್ದರು. ಒಬ್ಬ, "ಮಗಾ, ಇದಕ್ಕೆ ಲೈಸೆನ್ಸ್ ಬೇಕಲ್ವೇನೋ?" ಅಂದ. ಇನ್ನೊಬ್ಬ, "ಸ್ಟಾರ್ಟ್ ಆದ್ರೆ ತಾನೇ ಗುರು" ಅಂದ. ಮಾವ ಬೆವರೊರೆಸಿಕೊಂಡು, ನಾಗರಬಾವಿಯ ಗಾಳಿಯೂ ನಾಲಾಯಕ್ಕು ಎಂದು ತೀರ್ಪು ಕೊಟ್ಟು ಇಳಿದುಹೋದರು.

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ವಾರವಾರವೂ ಇದರ ವರದಿ ಒಪ್ಪಿಸುತ್ತಿದ್ದೆ. ನನ್ನ ನಗು ಮೊದಲ ಸಲ ಅರ್ಧಕ್ಕೆ ನಿಂತದ್ದು ಗ್ರೈಂಡರಿನ ದಿನ. ಎದುರು ಮನೆ ಆಂಟಿ ಹೊಸ ಗ್ರೈಂಡರ್ ತಂದದ್ದನ್ನು ಮಾವ ಗೇಟಿನಿಂದಲೇ ನೋಡಿದ್ದರು. ಇಸ್ತ್ರಿ ಅಂಗಿ ತೆಗೆಸಿ, ಅತ್ತೆಯ ಕೈಯಲ್ಲಿ ಗುಂಡಿ ಹಾಕಿಸಿಕೊಂಡು, ಕುರ್ಚಿಯಲ್ಲಿ ಕಾಯುತ್ತಾ ಕೂತಿದ್ದರು. ಯಾರೂ ಕರೆಯಲು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಎದುರು ಮನೆಯಿಂದ ಗ್ರೈಂಡರ್ ತಿರುಗುವ ಸದ್ದು ಕೇಳಿತು. ಮಾವ ಕಾಫಿ ಲೋಟ ಕೆಳಗಿಟ್ಟರು.

"ಗರಗಸದ ವಿಷ್ಯ ರೋಡಿಗೆಲ್ಲಾ ಗೊತ್ತಾಗಿದೆ. ಕೈಗುಣ ಹೋಯ್ತು ಅಂತ ತಿಳ್ಕೊಂಡಿದಾರೆ ಕಣೇ ಜನ" ಅಂದರು. ಮತ್ತೆ ನನ್ನತ್ತ ನೋಡಲಿಲ್ಲ.

ಮೂರನೇ ಸಲ ಹೆಗ್ಗನಹಳ್ಳಿಗೆ ನಾನೊಬ್ಬಳೇ ಗರಗಸ ಒಯ್ದೆ. ಮೆಕ್ಯಾನಿಕ್ ಅದನ್ನು ಮುಟ್ಟಲೂ ಇಲ್ಲ.

"ಮೇಡಂ, ಮೆಷಿನ್ ಪರ್ಫೆಕ್ಟಾಗಿದೆ. ಸಾರ್ ಹೆಂಗೆ ಎಳೀತಾರೆ ನೋಡಿದೀರಾ? ಹೋದ ಸಲ ಇಲ್ಲಿ ಒಂದ್ಸಲ ಎಳೆದ್ರು, ಹಗ್ಗ ಅರ್ಧಕ್ಕೇ ನಿಂತೋಯ್ತು. ಆಮೇಲೆ ನೀನೇ ಎಳಿ, ನೀನೇ ಎಳಿ ಅಂದ್ರು. ಅವರ ಭುಜ ತೋರ್ಸಿ. ರಿಪೇರಿ ಅಲ್ಲಿದೆ."

ನಾನು ಸೀದಾ ಬಂದು ಅತ್ತೆಯನ್ನು ಅಡುಗೆಮನೆಯಲ್ಲಿ ಹಿಡಿದೆ. ಅತ್ತೆ ಸೊಪ್ಪು ಬಿಡಿಸುತ್ತಲೇ ಒಪ್ಪಿಕೊಂಡರು. ಗಣೇಶನ ಹಬ್ಬದ ಮುಂಚಿನಿಂದಲೇ ಬಲಗೈ ಎದೆಗಿಂತ ಮೇಲಕ್ಕೆ ಏಳುತ್ತಿಲ್ಲ. ಎಡಗೈಯಲ್ಲಿ ತಲೆ ಬಾಚುತ್ತಾರೆ. ಅಂಗಿ ಹಾಕುವುದು, ತೆಗೆಯುವುದು ಅತ್ತೆ. ಡಾಕ್ಟರ ಮಾತೆತ್ತಿದರೆ ಸಿಡುಕುತ್ತಾರೆ. ಡಾಕ್ಟರು ಪಟ್ಟಿ ಕಟ್ಟಿದರೆ ರಸ್ತೆಗೆಲ್ಲ ಗೊತ್ತಾಗುತ್ತದೆ, ಕೈಯೇ ಹೋದ ಮೇಲೆ ಕೈಗುಣ ಎಲ್ಲಿ ಅನ್ನುತ್ತಾರೆ ಎನ್ನುವ ಭಯ. "ಯಾರ ಹತ್ರನೂ ಹೇಳ್ಬೇಡ ಅಂತ ಆಣೆ ಹಾಕ್ಸಿದಾರೆ ಕಣೇ, ನಾನೇನ್ಮಾಡ್ಲಿ?" ಅಂದರು ಅತ್ತೆ.

ನನಗೆ ನಾಚಿಕೆಯಾಯಿತು. ಹೆಗ್ಗನಹಳ್ಳಿಯ ಗಾಳಿ ಎಂದು ಅವರು ಹೇಳುವಾಗಲೆಲ್ಲ ನಾನು ನಕ್ಕಿದ್ದೆ. ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ಸಿಟ್ಟಿನ ಹಿಂದೆ ಒಂದು ಐಡಿಯಾ ಬಂತು. ಅವರ ಕೈಯಲ್ಲೇ ಒಮ್ಮೆ ಸ್ಟಾರ್ಟ್ ಮಾಡಿಸಿಬಿಟ್ಟರೆ ಹಟ ಇಳಿದು ಡಾಕ್ಟರ ಹತ್ತಿರ ಬರುತ್ತಾರೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ತಣ್ಣಗಿದ್ದಾಗ್ಲೇ ಮೇಡಂ ಅದರ ತಕರಾರು. ಮುಂಚೆ ಯಾರಾದ್ರೂ ಓಡ್ಸಿ ಬಿಸಿ ಮಾಡಿಟ್ರೆ ಮಗು ಎಳೆದ್ರೂ ಸ್ಟಾರ್ಟ್ ಆಗತ್ತೆ" ಅಂದರು. ಅವರ ಅಂಗಡಿಯಲ್ಲೇ ಎರಡು ದಿನ ನನಗೆ ತಾಲೀಮು ನಡೆಯಿತು. ಮೊದಲ ಸಲ ಎಳೆದಾಗ ಹಗ್ಗ ನನ್ನನ್ನೇ ಎಳೆದುಕೊಂಡಿತು!

ಆದರೆ ಗರಗಸವನ್ನು ಮಾವನಿಗೆ ಕೇಳದಂತೆ ಸ್ಟಾರ್ಟ್ ಮಾಡುವುದು ಹೇಗೆ? ಅದೇನು ತಂಬೂರಿಯೇ? ಭಾನುವಾರ ಬೆಳಿಗ್ಗೆ ಮಾವ ಮೇನ್ ರೋಡಿನ ಕಟಿಂಗ್ ಶಾಪಿಗೆ ಹೋಗುವುದನ್ನೇ ಕಾದೆವು. ಅಂಗಡಿಯವರಿಗೆ ಮೊದಲೇ ಹೇಳಿಟ್ಟಿದ್ದೆ. ಪುಣ್ಯಾತ್ಮರು, ಮಾವನ ತಲೆಯಲ್ಲಿ ಉಳಿದಿದ್ದ ನಲವತ್ತು ಕೂದಲನ್ನು ಮುಕ್ಕಾಲು ಗಂಟೆ ಕತ್ತರಿಸಿದರು. ಇತ್ತ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೇಟಿನ ಪಕ್ಕ ಕೂತು ಎಳೆದೆ, ಎಳೆದೆ, ನಾಲ್ಕನೇ ಸಲಕ್ಕೆ ಗರಗಸ ಅಬ್ಬರಿಸಿತು. ಎದುರು ಮನೆ ಆಂಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

ಗರಗಸ ಆರಿಸಿ ನಡೆದದ್ದನ್ನೆಲ್ಲ ಹೇಳಿದೆ. ಗ್ರೈಂಡರಿನ ಸಿಟ್ಟೂ ಒಳಗಿತ್ತಲ್ಲ, ಅದನ್ನೂ ಕಾರಿದೆ. "ಒಂದು ಮಾತು ಕರೀಬಾರದಿತ್ತಾ ಆಂಟಿ? ಎಷ್ಟು ನೊಂದ್ಕೊಂಡ್ರು ಗೊತ್ತಾ?"

ಆಂಟಿಯ ಮುಖ ಸಪ್ಪಗಾಯಿತು. "ನಮ್ಮ ಅಡುಗೆಮನೆ ಸ್ವಿಚ್ಚು ಮೇಲಿದೆಯಮ್ಮ. ಅವರು ಎಡಗೈಲಿ ತಲೆ ಬಾಚೋದು ನಮ್ಮ ಕಿಟಕಿಗೆ ಕಾಣ್ಸತ್ತೆ. ಕರೆದು, ಎಲ್ಲರ ಎದುರು ಕೈ ಎತ್ತಕ್ಕಾಗ್ದೆ ಹೋದ್ರೆ? ಅದಕ್ಕೇ ಕರೀಲಿಲ್ಲ. ರೋಡಲ್ಲಿ ಎಲ್ಲಾರಿಗೂ ಗೊತ್ತು."

ಅಷ್ಟರಲ್ಲಿ ಮಾವ ತಿರುವಿನಲ್ಲಿ ಕಂಡರು, ಮೈಮೇಲೆಲ್ಲ ಕೂದಲು. ಎಂದಿನಂತೆ ಹಿತ್ತಿಲ ಬಚ್ಚಲಿಗೆ ಹೊರಟವರನ್ನು ಅತ್ತೆ ತಡೆದರು. ಇಂಜಿನ್ ತಣ್ಣಗಾದೀತೆಂಬ ಗಾಬರಿ ಅವರಿಗೆ.

"ಸ್ನಾನ ಆಮೇಲೆ ಮಾಡೋರಂತೆ. ಮೊದ್ಲು ಒಂದ್ಸಲ ಆ ಗರಗಸ ಎಳೀರಿ. ನಂಗೆ ಯಾಕೋ ಇವತ್ತು ಆಗತ್ತೆ ಅನ್ನಿಸ್ತಿದೆ."

ಮಾವ ಅತ್ತೆಯನ್ನು ಒಂದು ಕ್ಷಣ ನೋಡಿದರು. ಬಗ್ಗಿ, ಎಂದಿನಂತೆ ಗರಗಸದ ನೆತ್ತಿ ಸವರಿ, ಹಗ್ಗ ಹಿಡಿದು ಅವರಿಗಾಗುವಷ್ಟೇ ಎಳೆದರು. ಗರ್‌ರ್‌ರ್‌ರ್! ಆಂಟಿ ಚಪ್ಪಾಳೆ ತಟ್ಟಿದರು, ಅವರ ಹಿಂದೆ ಪಕ್ಕದ ಮನೆಯವರು, ಮಹಡಿ ಮೇಲಿನವರು. ಅತ್ತೆ ಕಣ್ಣೊರೆಸಿಕೊಂಡರು. ಮಾವ ಎರಡು ಸಲ ಅದನ್ನು ಅಬ್ಬರಿಸಲು ಬಿಟ್ಟು, ಆರಿಸಿ, "ಇವತ್ತಿಗೆ ಸಾಕು. ಇಂಜಿನ್ ಸೆಟ್ ಆಗ್ಲಿ" ಅಂತ ಜನಕ್ಕೆ ಕೈ ಮುಗಿದು ಹಿತ್ತಿಲಿಗೆ ನಡೆದರು. ನಾನು ಗೆದ್ದ ಖುಷಿಯಲ್ಲಿ ಟವೆಲ್ ಹಿಡಿದು ಹಿಂದೆಯೇ ಹೋದೆ.

"ಮೆಷಿನ್ ಬಿಸಿ ಇತ್ತು ಕಣೇ" ಅಂದರು ಮಾವ.

ನಾನು ಗೋಡೆ ನೋಡಿದೆ.

"ನಲವತ್ತು ವರ್ಷದಲ್ಲಿ ಕಟಿಂಗ್ ಮಾಡಿಸ್ಕೊಂಡು ಬಂದೋನಿಗೆ ಸ್ನಾನಕ್ಕೆ ಮುಂಚೆ ಒಂದು ಚಮಚ ಮುಟ್ಟಕ್ಕೆ ಬಿಟ್ಟೋಳಲ್ಲ ನಿಮ್ಮತ್ತೆ. ಇವತ್ತು ಮೊದ್ಲು ಗರಗಸ ಎಳೀರಿ ಅಂತಾಳೆ. ಅಲ್ಲೇ ಗೊತ್ತಾಯ್ತು." ಎಡಗೈಯಲ್ಲಿ ಕತ್ತಿನ ಕೂದಲು ಕೊಡವಿಕೊಂಡು ಕೇಳಿದರು. "ರೋಡಲ್ಲಿ ಯಾರ್ಯಾರಿಗೆ ಗೊತ್ತು, ನನ್ನ ಕೈ ವಿಷ್ಯ?"

"ಎಲ್ಲಾರಿಗೂ ಗೊತ್ತು ಮಾವ. ಆಂಟಿ ಗ್ರೈಂಡರಿಗೆ ಕರೀದೇ ಇದ್ದಿದ್ದೂ ಅದಕ್ಕೇ ಅಂತೆ. ಸ್ವಿಚ್ಚು ಮೇಲಿದೆ ಅಂತ."

ಮುಂದಿನ ಗೇಟಿನ ಬಳಿ ಜನ ಇನ್ನೂ ಮಾತಾಡುತ್ತಿರುವುದು ಕೇಳಿಸುತ್ತಿತ್ತು.

"ಎಲ್ಲಾರಿಗೂ ಗೊತ್ತಿದ್ರೆ ಮತ್ತೆ ಚಪ್ಪಾಳೆ ಯಾಕೆ ತಟ್ಟಿದ್ರು?"

ನನಗೆ ಅಳು ಬಂತು. ಟವೆಲ್ಲನ್ನೇ ಮುಖಕ್ಕೆ ಒತ್ತಿಕೊಂಡೆ.

"ಅಳ್ಬೇಡ, ಕೂದಲು ಕಣ್ಣಿಗೆ ಹೋಗತ್ತೆ" ಅಂದರು ಮಾವ. ಆಮೇಲೆ ನನ್ನ ಕಡೆ ಬೆನ್ನು ಮಾಡಿ ನಿಂತು, ಬಲಗೈಯನ್ನು ಆದಷ್ಟು ಹಿಂದಕ್ಕೆ ಚಾಚಿದರು. "ನಾಳೆ ಸ್ಕೂಲಿಗೆ ರಜ ಹಾಕಕ್ಕಾಗತ್ತಾ? ಡಾಕ್ಟರ ಹತ್ರ ಹೋಗೋಣ. ಈಗ ಈ ಅಂಗಿ ತೆಗಿ. ಬಲಗಡೆ ಸ್ವಲ್ಪ ನಿಧಾನ, ನೋಯತ್ತೆ."